ಕಾಡಿಗೆ ಬೆಂಕಿ ಬಿದ್ದಾಗ ಡ್ರೋನ್ ಎತ್ತಬೇಡಿ (ನಾನು ಎತ್ತಿದ್ದೆ)

ಫೋಂಡಾ ಫೋಟೋದವ · ಭಾನುವಾರ ರಾತ್ರಿ 9:40

ಗೋವಾ ಕನ್ನಡಿಗರೆಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯವ ನಾನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಮದುವೆ, ಮುಂಜಿ, ಸೀಮಂತ ಶೂಟ್ ಮಾಡ್ತೀನಿ. ನಿನ್ನೆ ನನ್ನ ಜೊತೆ ಕೆಲಸ ಮಾಡೋ ಹುಡುಗ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮಿನಿ ಡ್ರೋನ್ ತಗೊಂಡು ಬಂದ. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆನೂ ಮಾಡಿದ. ಆಮೇಲೆ, "ಅಣ್ಣಾ, ಈ ಸಲ ಸತ್ತರಿ ಕಡೆ ಗುಡ್ಡಕ್ಕೆ ಬೆಂಕಿ ಬಿದ್ರೆ ಹೊಗೆ ಶಾಟ್ ತೆಗೀಬೇಕು, ರೀಲ್ಸ್ ಏನ್ ಓಡುತ್ತೆ ನೋಡು" ಅಂದ. ಬೈಯೋಕೆ ಬಾಯಿ ತೆರೆದವನು ಸುಮ್ಮನಾದೆ. 2023ರಲ್ಲಿ ಅದೇ ಕೆಲಸ ನಾನೇ ಮಾಡಿದ್ದೆ.

ಆ ಮಾರ್ಚ್ ಎಲ್ಲರಿಗೂ ನೆನಪಿರಬೇಕು. 5ನೇ ತಾರೀಕಿನ ಹೊತ್ತಿಗೆ ಮ್ಹಾದೇಯಿ ಅಭಯಾರಣ್ಯದಲ್ಲಿ ಹೊತ್ತಿಕೊಂಡಿದ್ದು, ಒಂದು ಕಡೆ ಆರಿಸಿದ್ರೆ ಇನ್ನೊಂದು ಕಡೆ ಏಳ್ತಿತ್ತು. (ಮಹದಾಯಿ ಅಂದಕೂಡಲೇ ನಮ್ಮೂರವರಿಗೆ ಕಳಸಾ-ಬಂಡೂರಿ ಜಗಳ ನೆನಪಾಗತ್ತೆ. ಆ ಹೊಳೆ ಹೆಸರಲ್ಲಿ 208 ಚದರ ಕಿಲೋಮೀಟರ್ ಕಾಡಿದೆ ಅನ್ನೋದು ನನಗೂ ಬೆಂಕಿ ಬಿದ್ದ ಮೇಲೇ ಗೊತ್ತಾಗಿದ್ದು.) ನೌಕಾಪಡೆಯ ಹೆಲಿಕಾಪ್ಟರ್ ಸೆಳಾವಳಿ ಅಣೆಕಟ್ಟಿನ ನೀರು ಹೊತ್ತುಕೊಂಡು ಬಂದು ಸುರೀತಿತ್ತು. ಆಮೇಲೆ ವಾಯುಪಡೆಯ ದೊಡ್ಡ ಹೆಲಿಕಾಪ್ಟರ್ ಎಂಐ-17 ಕೂಡ ಬಂತು.

ಬೆಳಗಾವಿಯಲ್ಲಿ ಒಂದು ನಿಶ್ಚಿತಾರ್ಥ ಮುಗಿಸಿ ಚೋರ್ಲಾ ಘಾಟ್ ಇಳೀತಿದ್ದೆ. ಮಧ್ಯಾಹ್ನ ಮೂರರ ಸುಮಾರು. ಒಂದು ತಿರುವಿನಲ್ಲಿ ಕಣಿವೆ ಪೂರ್ತಿ ಹೊಗೆ, ಸೂರ್ಯ ತಾಮ್ರದ ತಟ್ಟೆ ಥರ ಕಾಣ್ತಿದ್ದ. ಆಗಲೇ ಏಳೆಂಟು ಕಾರು ನಿಂತಿದ್ವು, ಎಲ್ಲರ ಕೈಲೂ ಮೊಬೈಲ್. ನನ್ನ ಡಿಕ್ಕಿಯಲ್ಲಿ ಡ್ರೋನ್ ಇತ್ತು. ಹಿಂದೆ ಮುಂದೆ ನೋಡಿದೆ ಅಂತ ಸುಳ್ಳು ಹೇಳಲ್ಲ. ಎರಡು ನಿಮಿಷದಲ್ಲಿ ಅದು ಗಾಳಿಯಲ್ಲಿತ್ತು.

ಪರದೆ ಮೇಲೆ ಎತ್ತರ 35 ಮೀಟರ್ ಅಂತ ಬರ್ತಿತ್ತು. 120 ಮೀಟರ್ ತನಕ ಬಿಡ್ತಾರೆ, ನಾನಿನ್ನೂ ಮೂವತ್ತೈದರಲ್ಲಿದೀನಿ, ಏನಾಗತ್ತೆ ಅಂದುಕೊಂಡೆ. ದಡ್ಡತನ ಅಂದ್ರೆ ಇದೇ. ಆ ಅಂಕಿ ಡ್ರೋನ್ ಎದ್ದ ಜಾಗದಿಂದ ಅಳೆದದ್ದು, ಅದರ ಕೆಳಗಿರೋ ನೆಲದಿಂದ ಅಲ್ಲ. ರಸ್ತೆ ಅಂಚಿನಿಂದ ಸ್ವಲ್ಪ ಮುಂದೆ ತಳ್ಳಿದರೆ ಕೆಳಗೆ ಪ್ರಪಾತ. ಪರದೆ 35 ಅಂತಾನೇ ಹೇಳ್ತಿದೆ, ಡ್ರೋನ್ ಮಾತ್ರ ಮರದ ತಲೆಗಳಿಂದ ನೂರಾರು ಅಡಿ ಮೇಲೆ, ಹೆಲಿಕಾಪ್ಟರ್ ಓಡಾಡೋ ದಾರಿಯಲ್ಲೇ ತೇಲ್ತಿದೆ.

ಆಮೇಲೆ ಆ ಸದ್ದು. ಕಿವಿಗಿಂತ ಮೊದಲು ಎದೆಗೆ ಬಡೀತು. ಪರದೆಯಲ್ಲಿ ಎಷ್ಟು ಹುಡುಕಿದ್ರೂ ಹೆಲಿಕಾಪ್ಟರ್ ಇಲ್ಲ. ಆ ವೈಡ್ ಲೆನ್ಸಿನಲ್ಲಿ ಅರ್ಧ ಕಿಲೋಮೀಟರ್ ಆಚೆಯ ಹೆಲಿಕಾಪ್ಟರ್ ಅಂದ್ರೆ ಒಂದು ನುಸಿ. ಗಾಬರಿಗೆ ವಾಪಸ್ ಕರೆಯೋ ಬಟನ್ ಒತ್ತಿದೆ. ಡ್ರೋನ್ ನನ್ನ ಕಡೆ ಬರಲಿಲ್ಲ. ಮೇಲಕ್ಕೆ ಹೋಯ್ತು! ತೆಂಗಿನಮರ, ಮೊಬೈಲ್ ಟವರ್‌ಗೆ ಬಡೀಬಾರದು ಅಂತ ಮದುವೆ ಶೂಟಿಗೆ ನಾನೇ ಅದಕ್ಕೆ "ಮೊದಲು 100 ಮೀಟರ್ ಏರು, ಆಮೇಲೆ ಮನೆಗೆ ಬಾ" ಅಂತ ಸೆಟ್ ಮಾಡಿಟ್ಟಿದ್ದೆ. ಹೇಳಿದ ಮಾತು ಕೇಳೋ ಯಂತ್ರ ಅದು, ಏರಿತು.

ಹೆಲಿಕಾಪ್ಟರ್ ಕಣಿವೆಯ ಆಚೆ ಬದಿಯಲ್ಲಿ ವಾಲಿಕೊಂಡು ತಿರುಗಿ ಹೋಯಿತು. ಕೆಳಗೆ ತೂಗ್ತಿದ್ದ ಬಕೆಟ್ ಕಂಡಿತು. ತುಂಬಿತ್ತೋ ಖಾಲಿಯೋ ಹೇಳೋಕಾಗಲಿಲ್ಲ. ನೀರು ಸುರಿದು ತಿರುಗಿತೋ, ನನ್ನ ಡ್ರೋನ್ ನೋಡಿ ತಿರುಗಿತೋ, ಅದು ಆ ಪೈಲಟ್‌ಗೇ ಗೊತ್ತು. ಆ ಕ್ಲಿಪ್ ಇನ್ನೂ ಹಾರ್ಡ್‌ಡಿಸ್ಕಿನಲ್ಲಿದೆ, ಹೆಂಡತಿಗೂ ತೋರಿಸಿಲ್ಲ.

ಹುಡುಗನಿಗೆ ಹೇಳೋ ಮೊದಲು ನಿಮ್ಮ ಮುಂದೆ ಹೇಳಿಕೊಳ್ಳೋಣ ಅನ್ನಿಸ್ತು. ಡ್ರೋನ್ ಇಟ್ಟುಕೊಂಡವರು ಇಲ್ಲಿ ತುಂಬ ಜನ ಇದೀರಿ.


ಘಾಟ್ ರೈಡರ್ · ಭಾನುವಾರ ರಾತ್ರಿ 10:05

ಅಣ್ಣಾ, ಪ್ರಾಮಾಣಿಕವಾಗಿ ಬರ್ದಿದೀರಾ, ಅದಕ್ಕೊಂದು ಸಲಾಂ. ಆದ್ರೆ ಸ್ವಲ್ಪ ಜಾಸ್ತಿನೇ ಹೆದರಿಸ್ತಿದೀರಾ ಅನ್ಸುತ್ತೆ. 249 ಗ್ರಾಂ ಪ್ಲಾಸ್ಟಿಕ್ ಗುರು ಅದು. ಎಂಐ-17 ಅಂದ್ರೆ ಹತ್ತು ಟನ್ ಮೇಲಿರೋ ಕಬ್ಬಿಣದ ಆನೆ. ಪಣಜಿ ಮೇಲೆ ದಿನಾ ಹದ್ದು ಹಾರಾಡಲ್ವಾ? ಒಂದು ಹದ್ದು ಇದಕ್ಕಿಂತ ತೂಕ ಬರುತ್ತೆ. ಹದ್ದು ಇದೆ ಅಂತ ಯಾರೂ ಹೆಲಿಕಾಪ್ಟರ್ ನಿಲ್ಸಲ್ಲ.

ಇನ್ನೊಂದು, 2023ರಲ್ಲಿ ಬೆಂಕಿ ಎಷ್ಟು ದೊಡ್ಡದು ಅಂತ ಜನಕ್ಕೆ ಗೊತ್ತಾಗಿದ್ದೇ ಇಂಥ ವಿಡಿಯೋಗಳಿಂದ. ಅದೂ ಸಮಾಜಸೇವೆನೇ ಅಲ್ವಾ?


ಹನ್ಸಾ ನಿವೃತ್ತ · ಭಾನುವಾರ ರಾತ್ರಿ 10:50

ಘಾಟ್ ರೈಡರ್ ತಮಾ, ಹದ್ದಿನ ಮಾತು ತೆಗೆದೆಯಲ್ಲ, ಅಲ್ಲಿಂದಲೇ ಶುರು ಮಾಡುವಾ. ನಾನು ಅಂಕೋಲೆಯವ, ದಾಬೋಳಿಯಲ್ಲಿ ನೌಕಾಪಡೆಯ ಚೇತಕ್ ಹೆಲಿಕಾಪ್ಟರ್ ಮೇಲೆ ಕೈ ಮಸಿ ಮಾಡಿಕೊಂಡು ಪಿಂಚಣಿ ತಿನ್ನುತ್ತಿರುವವ.

ನಮ್ಮಲ್ಲಿ ಬೆಳಗಾದರೆ ಒಂದು ಕೆಲಸ ಇರ್ತಿತ್ತು. ವಿಮಾನ ನಿಲ್ಲುವ ಜಾಗದಲ್ಲಿ ಎಲ್ಲರೂ ಭುಜಕ್ಕೆ ಭುಜ ಸಾಲಾಗಿ ನಿಂತು, ತಲೆ ತಗ್ಗಿಸಿ, ನಿಧಾನಕ್ಕೆ ನಡೀಬೇಕು. ಕಲ್ಲು, ವಾಷರ್, ತಂತಿ ತುಂಡು, ಯಾರದೋ ಪೆನ್ನಿನ ಮುಚ್ಚಳ, ಏನು ಸಿಕ್ಕಿದರೂ ಹೆಕ್ಕಿ ಚೀಲಕ್ಕೆ ಹಾಕಬೇಕು. ಒಂದು ನಟ್ಟು ಎಂಜಿನ್ ಬಾಯಿಗೆ ಹೋದರೆ ಮುಗೀತು. ಹೊಸದಾಗಿ ಸೇರಿದವರು ನಗ್ತಿದ್ದರು, ಇದೇನು ಗೇರುಬೀಜ ಹೆಕ್ಕಿದ ಹಾಗೆ ಅಂತ. ನೆಲದ ಮೇಲೆ ಬಿದ್ದ ಒಂದು ನಟ್ಟಿಗೆ ನಾವು ಅಷ್ಟು ಹೆದರ್ತಿದ್ದೆವು. ನೀನು ಕಾಲು ಕಿಲೋ ತೂಕದ್ದನ್ನು ಗಾಳಿಯಲ್ಲೇ ತೂಗು ಹಾಕಿ ಏನಾಗ್ತದೆ ಅಂತ ಕೇಳ್ತೆ.

ಹದ್ದು ಮಾಂಸ, ನೀರು. ಬಡಿದರೆ ಹರಡಿಹೋಗ್ತದೆ, ಪೆಟ್ಟು ಹಂಚಿಹೋಗ್ತದೆ. ಡ್ರೋನಿನ ತೂಕ ಇರುವುದೆಲ್ಲ ಬ್ಯಾಟರಿ ಮತ್ತು ಮೋಟರಿನಲ್ಲಿ, ಗಟ್ಟಿ ಗಂಟು. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಕಿಲೋ ಆಸುಪಾಸಿನ ಫ್ಯಾಂಟಮ್ ಡ್ರೋನ್ ಒಂದನ್ನು ಸಣ್ಣ ವಿಮಾನದ ರೆಕ್ಕೆಗೆ ಹೊಡೆದು ನೋಡಿದರು. ರೆಕ್ಕೆಯ ಮುಂಚೂಣಿ ಒಡೆದು ಒಳಗೆ ನುಗ್ಗಿ, ಒಳಗಿನ ಮುಖ್ಯ ತೊಲೆಗೇ ಏಟು ಕೊಟ್ಟಿತು. ವೇಗ ಜಾಸ್ತಿ ಇಟ್ಟಿದ್ದೀರಿ ಅಂತ ಡ್ರೋನ್ ಕಂಪನಿ ತಕರಾರು ತೆಗೀತು, ಅದೂ ಹೇಳಿಬಿಡ್ತೆ. ಆದರೆ ತೂತು ತೂತೇ.

ಈಗ ಬಕೆಟ್ ಹೊತ್ತ ಹೆಲಿಕಾಪ್ಟರ್ ಹೇಗಿರ್ತದೆ ಕೇಳು. ಬಾಂಬಿ ಬಕೆಟ್ ಅಂದರೆ ಕ್ಯಾನ್ವಾಸಿನ ದೊಡ್ಡ ಚೀಲ, ಉಕ್ಕಿನ ಹಗ್ಗದ ತುದಿಗೆ ತೂಗ್ತಿರ್ತದೆ. ಎಂಐ-17 ಹೊರುವುದು ಸುಮಾರು 3500 ಲೀಟರಿನದ್ದು, ಅಂದರೆ ಮೂರೂವರೆ ಟನ್ ನೀರು. ಅದು ಜೋಲಿ ಹೊಡೆದರೆ ಹೆಲಿಕಾಪ್ಟರೂ ಜೋಲಿ ಹೊಡೀತದೆ. ಪೈಲಟ್ ಮರದ ತುದಿ ನೋಡಬೇಕು, ಗಾಳಿ ನೋಡಬೇಕು, ಹೊಗೆಯ ಸಂದಿ ಹುಡುಕಬೇಕು. ಹಿಂದೆ ಒಬ್ಬ ಬಾಗಿಲಲ್ಲಿ ಬಗ್ಗಿ ಬಕೆಟ್ ನೋಡ್ತಾ "ಎಡಕ್ಕೆ, ಇನ್ನೂ ಎಡಕ್ಕೆ" ಅಂತ ಕೂಗ್ತಾ ಇರ್ತಾನೆ. ತುಂಬ ಮೇಲಿಂದ ಸುರಿದರೆ ನೀರು ಮಂಜಾಗಿ ಗಾಳಿಗೆ ಹೋಗ್ತದೆ, ತುಂಬ ಕೆಳಗಿಳಿದರೆ ರೆಕ್ಕೆಯ ಗಾಳಿಯೇ ಬೆಂಕಿಗೆ ತಿದಿ ಒತ್ತಿದ ಹಾಗೆ. ಇದರ ನಡುವೆ ಪಾರಿವಾಳದಷ್ಟು ದೊಡ್ಡ ಬೂದಿಬಣ್ಣದ ವಸ್ತು, ಬೂದಿಬಣ್ಣದ ಹೊಗೆಯಲ್ಲಿ. ಅವನಿಗೆ ಕಾಣುವುದಿಲ್ಲ ಮಾರಾಯಾ.

ಬಾಲದ ಪಂಕಕ್ಕೆ ಬಡಿದರೆ? ಅದೊಂದು ಕೆಟ್ಟರೆ ಹೆಲಿಕಾಪ್ಟರ್ ಬುಗುರಿ. ಕೆಳಗೆ ಕಾಡು, ಇಳಿಯಲು ಗದ್ದೆ ಸಹ ಇಲ್ಲ.


ಘಾಟ್ ರೈಡರ್ · ಭಾನುವಾರ ರಾತ್ರಿ 11:12

ಸರ್, ಟೆಕ್ನಿಕಲ್ ಮಾತು ಒಪ್ಪಿದೆ. ಆದ್ರೆ ನಿಜವಾಗಿ ಎಲ್ಲಾದ್ರೂ ಬಡಿದಿದೆಯಾ? "ಬಡಿದ್ರೆ" "ಬಡಿದ್ರೆ" ಅಂತ ಎಷ್ಟು ಹೇಳ್ತೀರಾ.


ಫೋಂಡಾ ಫೋಟೋದವ · ಭಾನುವಾರ ರಾತ್ರಿ 11:30

ಬಡಿದಿದೆ ತಮ್ಮ. ಅದೂ ನೀನು ಹೇಳೋ ತೂಕದ್ದೇ.

2025ರ ಜನವರಿ 9, ಲಾಸ್ ಏಂಜಲಿಸ್. ಪ್ಯಾಲಿಸೇಡ್ಸ್ ಬೆಂಕಿ ಆರಿಸೋಕೆ ಕೆನಡಾದ ಕ್ವಿಬೆಕ್‌ನಿಂದ ಬಾಡಿಗೆಗೆ ತರಿಸಿದ್ದ ಸಿಎಲ್-415 ವಿಮಾನ ಓಡಾಡ್ತಿತ್ತು. ಸೂಪರ್ ಸ್ಕೂಪರ್ ಅಂತಾರೆ ಅದಕ್ಕೆ. ಸಮುದ್ರದ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗಿ ಹನ್ನೆರಡು ಸೆಕೆಂಡಲ್ಲಿ ಆರು ಸಾವಿರ ಲೀಟರ್ ತುಂಬಿಕೊಳ್ಳುತ್ತೆ. ಅಂಥದ್ದು ಅಲ್ಲಿ ಇದ್ದಿದ್ದೇ ಎರಡು. ಒಬ್ಬ ಮನುಷ್ಯ ಸಾಂಟಾ ಮೋನಿಕಾದ ಪಾರ್ಕಿಂಗ್ ಕಟ್ಟಡದ ತಾರಸಿಗೆ ಹೋಗಿ ಡಿಜೆಐ ಕಂಪನಿಯ ಮಿನಿ 3 ಪ್ರೊ ಡ್ರೋನ್ ಎತ್ತಿದ. ಬೆಂಕಿ ನೋಡಬೇಕಿತ್ತು ಅವನಿಗೆ, ಅಷ್ಟೇ. ಎರಡೂವರೆ ಕಿಲೋಮೀಟರ್ ದೂರ ಹೋಯ್ತು ಡ್ರೋನ್, ಕಣ್ಣಿಗೆ ಕಾಣದಾಯ್ತು, ನೇರ ವಿಮಾನದ ಎಡ ರೆಕ್ಕೆಗೆ ಬಡೀತು. ವಿಮಾನ ಇಳಿದ ಮೇಲೆ ಮೆಕ್ಯಾನಿಕ್‌ಗಳು ನೋಡಿದ್ರೆ ರೆಕ್ಕೆಯಲ್ಲಿ ಮೂರು ಇಂಚು ಅಗಲ, ಆರು ಇಂಚು ಉದ್ದದ ತೂತು. ಊರು ಹೊತ್ತಿ ಉರೀತಿರುವಾಗ ಎರಡರಲ್ಲಿ ಒಂದು ವಿಮಾನ ರಿಪೇರಿಗೆ ನಿಂತಿತು.

ಡ್ರೋನಿನ ಚೂರು ಹಿಡಿದು ಎಫ್‌ಬಿಐ ಅವನ ಮನೆಗೆ ಹೋಯ್ತು. ತಪ್ಪೊಪ್ಪಿಕೊಂಡ. ರಿಪೇರಿ ಬಾಬ್ತು ಕನಿಷ್ಠ 65,169 ಡಾಲರ್ ಕೊಡ್ತೀನಿ, 150 ಗಂಟೆ ಸಮುದಾಯ ಸೇವೆ ಮಾಡ್ತೀನಿ ಅಂತ ಬರೆದುಕೊಟ್ಟ.

ನಾನು ಆ ಸುದ್ದಿ ಓದಿದ ರಾತ್ರಿ ನಿದ್ದೆ ಮಾಡಲಿಲ್ಲ. ಅವನು ಕೆಟ್ಟವನೇನಲ್ಲ, ನನ್ನಂಥವನೇ. ನನಗೂ ಅವನಿಗೂ ಇರೋ ಫರಕು ಒಂದು ತಿರುವು ಅಷ್ಟೇ.


ಸತ್ತರಿ ಗೇರು · ಸೋಮವಾರ ಬೆಳಿಗ್ಗೆ 6:15

ಎಲ್ಲಾರ್ಗೂ ಶರಣ್ರಿ. ನಾ ಬೈಲಹೊಂಗಲ ಕಡಿಯಾಂವ, ವಾಳಪೈ ಹತ್ರ ಗೇರು ತ್ವಾಟ ಲಾವಣಿಗೆ ಹಿಡದು ಇಪ್ಪತ್ತ ವರ್ಷ ಆತು. ಟೈಪ್ ಮಾಡೂದು ಮಗಳ ಕಡಿಂದ, ಮಾತು ನಂದು.

ನೀವೆಲ್ಲಾ ಹೆಲಿಕಾಪ್ಟರಿಗೆ ಬಡಿತೈತೋ ಇಲ್ಲೋ ಅಂತ ವಾದಾ ಮಾಡಾಕತ್ತೀರಿ. ಬಡೀಲಿಲ್ಲಂದ್ರೂ ನಮ್ಮ ಕತಿ ಮುಗೀತೈತ್ರಿ. ಹೆಂಗಂದ್ರ ಕೇಳ್ರಿ.

ಬೆಂಕಿ ಆರಸೂದು ಹೆಲಿಕಾಪ್ಟರ್ ಅಲ್ಲ, ಮನಷ್ಯಾರು. ಕೈಯಾಗ ಹಸಿ ಟೊಂಗಿ ಹಿಡದು ಬಡಿಬೇಕು. ಈಗ ಎಲಿ ಊದೂ ಮಷಿನ್ ಬಂದಾವು, ಬೆನ್ನಿಗೆ ಹಾಕ್ಕೊಂಡು ಒಣಾ ಎಲಿ ಹಿಂದಕ್ಕ ಊದಿ ನೆಲಾ ಬರೆ ಮಾಡತಾರ, ಬೆಂಕಿ ಅಲ್ಲಿಗಿ ಬಂದು ತಿನ್ನಾಕ ಏನೂ ಇಲ್ಲದ ಸಾಯ್ತೈತಿ. ಆದ್ರ ಕಡಿದಾದ ಕಲ್ಲಿನ ಬದಿ ಇರ್ತೈತಲ್ರಿ, ಅಲ್ಲಿ ಮನಷ್ಯಾ ಹತ್ತಾಕ ಆಗೂದಿಲ್ಲ. ಕೆಳಗ ನಿಂತ್ರ ಮ್ಯಾಲಿಂದ ಸುಡೂ ಕಲ್ಲು, ಉರಿಯೂ ಕಟಗಿ ಉರಳತಾವು. ಬೆಂಕಿ ಇಳುಕಲಕ್ಕ ನಡೀತೈತಿ, ಏರಿಗೆ ಓಡತೈತಿ. ಅಂಥಲ್ಲಿ ಹೆಲಿಕಾಪ್ಟರ್ ಬಂದು ನೀರ ಸುರುವಿದ್ರ ಉರಿ ತಗ್ಗತೈತಿ, ಆರೂದಿಲ್ಲ, ತಗ್ಗತೈತಿ. ಅಷ್ಟರಾಗ ನಾವು ಮತ್ತ ಗಾರ್ಡ್‌ಗಳು ಒಳಗ ಹೊಕ್ಕು ಬಡದು ಮುಗಸಬೇಕು. ನೀರು ಬಿದ್ದ ಮ್ಯಾಲ ತಾಸೊತ್ತು ಬಿಟ್ರ ಮತ್ತ ಏಳತೈತಿ.

ಅಂದ್ರ ಮ್ಯಾಲಿನ ಹೆಲಿಕಾಪ್ಟರ್‌ಗೂ ಕೆಳಗಿನ ಮಂದಿಗೂ ತಾಳ ಕೂಡಬೇಕು. ಬಂದೂಕು ಒಬ್ಬಾಂವ ಹಿಡದು ಅದರ ಟ್ರಿಗರ್ ಇನ್ನೊಬ್ಬಾಂವ ಎಳದ್ರ ನಡಿಯೂದಿಲ್ಲ. ಯಾವನೋ ಡ್ರೋನ್ ಬಿಟ್ಟಾನಂತ ಹೆಲಿಕಾಪ್ಟರ್ ಹಿಂದ ಹೋದ್ರ, ಇಲ್ಲೆ ಕೆಳಗ ಬೆವರ ಸುರಿಸಿಕೋತ ನೀರಿಗೆ ಕಾಯಕೋತ ನಿಂತವ್ರು ಏನ ಮಾಡಬೇಕು?

ಇನ್ನೊಂದ ಮಾತು, ಸಿಟ್ಟಾಗಬ್ಯಾಡ್ರಿ. ಪ್ರತಿ ಸಲ ಬೆಂಕಿ ಬಿದ್ರ ಮೊದಲ ಬೆರಳ ತೋರಸೂದು ಗೇರು ತ್ವಾಟದವರ ಕಡಿಗೆ, ಅದರಾಗೂ ನಮ್ಮಂಥ ಘಟ್ಟದ ಮ್ಯಾಲಿಂದ ಬಂದವ್ರ ಕಡಿಗೆ, ಘಾಟಿ ಅಂತ ಹೀಯಾಳಸತಾರಲ್ರಿ, ಆ ಮಂದಿ ಕಡಿಗೆ. ಕಸಾ ಸುಡಾವ್ರು ಇದ್ದಾರ, ಇಲ್ಲ ಅನ್ನೂದಿಲ್ಲ. ನನ್ನ ಬಾಜೂ ತ್ವಾಟದಾಗ ಹ್ವಾದ ವರ್ಷನೂ ಸುಟ್ಟಾರ. ಆದ್ರ ಬೆಂಕಿ ಆರಸಾಕ ಮೊದಲ ಓಡೂದೂ ನಾವ. ಆ ವಿಡಿಯೋದಾಗ ನಾವು ಕಾಣಸೂದಿಲ್ಲ, ಬರೇ ಹೊಗಿ ಕಾಣಸತೈತಿ.


ಪಡುಬಿದ್ರಿ ವಕೀಲೆ · ಸೋಮವಾರ ಬೆಳಿಗ್ಗೆ 9:20

ಕಾಕಾ, ನಿಮ್ಮ ಕೊನೆಯ ಸಾಲು ಓದಿ ಕಾಫಿ ತಣ್ಣಗಾಯ್ತು.

ಕಾನೂನು ಏನುಂಟು ಅಂತ ನನ್ನ ಪಾಲಿನದ್ದು ಹೇಳ್ತೇನೆ. ಮಡಗಾಂವ್‌ನಲ್ಲಿ ಪ್ರಾಕ್ಟೀಸ್, ಡ್ರೋನ್ ಕೇಸು ಒಂದೆರಡು ನೋಡಿದ್ದೇನೆ (ಎರಡೂ ಮದುವೆಯದ್ದೇ, ನಗಬೇಡಿ).

ನಮ್ಮಲ್ಲಿ 2021ರ ಡ್ರೋನ್ ನಿಯಮಗಳು ಉಂಟು. 250 ಗ್ರಾಂ ತನಕ ನ್ಯಾನೋ, ಅದನ್ನು ಹಾರಿಸ್ಲಿಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಇಷ್ಟು ಓದಿ ಎಲ್ಲರೂ ಪುಸ್ತಕ ಮುಚ್ಚಿಡ್ತಾರೆ ಮಾರ್ರೆ. ಅದೇ ನಿಯಮದಲ್ಲಿ ಇನ್ನೊಂದು ಉಂಟು: ಮನುಷ್ಯರಿರುವ ವಿಮಾನಕ್ಕೆ ಯಾವ ಡ್ರೋನೂ ದಾರಿ ಬಿಡ್ಲೇಬೇಕು, ದೂರ ಇರ್ಲೇಬೇಕು. ಅಲ್ಲಿ ತೂಕದ ವಿನಾಯಿತಿ ಇಲ್ಲ.

ಮತ್ತೆ ಈಗ ಮುಖ್ಯದ್ದು. ತುರ್ತು ಸಂದರ್ಭದಲ್ಲಿ ರಾಜ್ಯ ಸರ್ಕಾರ ಅಥವಾ ಪೊಲೀಸರು ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ, ಅಂದ್ರೆ ಡ್ರೋನ್ ಹಾರಿಸಬಾರದ ಜಾಗ, ಅಂತ ಘೋಷಿಸಬಹುದು. ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಮಾಡಿದ್ರೆ ಸಾಕು, ದೆಹಲಿಗೆ ಬರೀಬೇಕಂತ ಇಲ್ಲ. ಒಂದು ಸಲಕ್ಕೆ 96 ಗಂಟೆ ತನಕ, ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಡ್ರೋನ್ ಸೈಟಿನ ನಕ್ಷೆಯಲ್ಲಿ ಕೆಂಪಾಗಿ ಬರ್ತದೆ. ಬೆಂಕಿ ಸೀಸನ್ನಿಗೆ ಹೇಳಿ ಮಾಡಿಸಿದ ಹಾಗಿರುವ ಕಲಮು. ಆದ್ರೆ ಘಾಟಿನಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆಯುವವ ಆ ನಕ್ಷೆ ನೋಡ್ತಾನಾ? ನ್ಯಾನೋದವನಂತೂ ಆ ಸೈಟಿನ ಹೆಸರೇ ಕೇಳಿರುವುದಿಲ್ಲ. ಕಾಗದದಲ್ಲಿ ಬಾಗಿಲು ಹಾಕಿದ್ದಾರೆ, ಗೋಡೆ ಕಟ್ಟಲಿಲ್ಲ.

ಶಿಕ್ಷೆ ಕೇಳಿದ್ರೆ, ಡ್ರೋನ್ ನಿಯಮದ ದಂಡ ಒಂದು ಲಕ್ಷ ರೂಪಾಯಿ ತನಕ. ಅಷ್ಟಕ್ಕೇ ಮುಗೀತು ಅಂತ ತಿಳ್ಕೊಳ್ಬೇಡಿ. ಬೇರೆಯವರ ಜೀವಕ್ಕೆ ಅಪಾಯ ತರುವ ಕೃತ್ಯ ಅಂತ ಭಾರತೀಯ ನ್ಯಾಯ ಸಂಹಿತೆಯ 125 ಉಂಟು, ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಅಂತ 221 ಉಂಟು. ಅಭಯಾರಣ್ಯದ ಒಳಗೆ ಪರವಾನಿಗೆ ಇಲ್ಲದೆ ಕಾಲಿಟ್ಟಿದ್ರೆ 1972ರ ವನ್ಯಜೀವಿ ಕಾಯ್ದೆ ಬೇರೆ.

ಫೋಂಡಾದ ಅಣ್ಣಾ, ನೀವು ಮೂರು ವರ್ಷದ ಹಿಂದಿನದ್ದನ್ನು ಊರಿಗೆಲ್ಲ ಹೇಳಿಕೊಂಡದ್ದು ವಕೀಲೆಯಾಗಿ ನನಗೆ ಅಷ್ಟು ಸರಿ ಕಾಣ್ಲಿಲ್ಲ. ಓದುಗಳಾಗಿ ಸರಿ ಕಂಡಿತು.


ಘಾಟ್ ರೈಡರ್ · ಸೋಮವಾರ ಮಧ್ಯಾಹ್ನ 1:30

ಕಾಕಾ, ನಾನು ಘಾಟಿ ಅಂತ ಯಾರಿಗೂ ಅಂದಿಲ್ಲ. ನನಗೂ ಇಲ್ಲಿ ಆಫೀಸಲ್ಲಿ ಅಂತಾರೆ. ನಿಮ್ಮ ಮಾತು ತಾಗ್ತು.

ಆದ್ರೂ ಒಂದು ಡೌಟು. ಬೆಂಕಿ ಎಲ್ಲಿದೆ ಅಂತ ಹುಡುಕೋಕೆ ಅರಣ್ಯ ಇಲಾಖೆಯವರೇ ಡ್ರೋನ್ ಬಳಸ್ತಾರಲ್ಲ? ಅವ್ರು ಹಾರಿಸಿದ್ರೆ ಪುಣ್ಯ, ನಾನು ಹಾರಿಸಿದ್ರೆ ಪಾಪನಾ? ನಾನು ವಿಡಿಯೋ ತೆಗೆದು ಅವರಿಗೇ ಕಳ್ಸಿದ್ರೆ?


ತರಗೆಲೆ · ಸೋಮವಾರ ಸಂಜೆ 4:10

ಧಾರವಾಡದಲ್ಲಿ ಅರಣ್ಯಶಾಸ್ತ್ರ ಓದಿ ಈಗ ಗೋವಾದಲ್ಲಿ ಫೀಲ್ಡ್ ವರ್ಕ್ ಮಾಡ್ತಿದೀನಿ. ರೈಡರ್, ವಿಡಿಯೋ ಕಳಿಸೋ ಆಸೆ ಒಳ್ಳೇದೇ, ಆದ್ರೆ ಬೆಂಕಿ ಪತ್ತೆಗೆ ನಿನ್ನ ಡ್ರೋನ್ ಬೇಕಾಗಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದಿಂದ ಬೆಂಕಿ ಚುಕ್ಕೆ ಹಿಡಿದು ಎಸ್‌ಎಂಎಸ್ ಕಳಿಸ್ತಾರೆ. ಒಂದು ಸಂವೇದಕದಲ್ಲಿ ಚುಕ್ಕೆಯ ಅಗಲ ಒಂದು ಕಿಲೋಮೀಟರ್, ಇನ್ನೊಂದರಲ್ಲಿ 375 ಮೀಟರ್. ಹೆಸರು ನೋಂದಾಯಿಸಿದ್ರೆ ನಿನಗೂ ಬರುತ್ತೆ, ನನಗೆ ಬರುತ್ತೆ. ಉಪಗ್ರಹ ದಿನಕ್ಕೆ ಕೆಲವೇ ಸಲ ಹಾಯೋದ್ರಿಂದ ತಡ ಆಗೋದು ಉಂಟು, ಆ ಸಂದನ್ನ ಗಾರ್ಡ್‌ಗಳ ಮೂಗು ತುಂಬುತ್ತೆ.

ಇಲಾಖೆ ಡ್ರೋನ್ ಹಾರಿಸೋದಕ್ಕೂ ನೀನು ಹಾರಿಸೋದಕ್ಕೂ ಇರೋ ವ್ಯತ್ಯಾಸ ಪಾಪ-ಪುಣ್ಯದ್ದಲ್ಲ, ವೈರ್‌ಲೆಸ್ಸಿನದ್ದು. ಅವರ ಡ್ರೋನ್ ಎಲ್ಲಿದೆ ಅಂತ ಕೆಳಗಿನವರಿಗೆ ಗೊತ್ತಿರುತ್ತೆ, ಹೆಲಿಕಾಪ್ಟರ್ ಬರ್ತಿದೆ ಅಂದಾಗ ಇಳಿಸು ಅಂತ ಹೇಳೋ ಒಬ್ಬ ಇರ್ತಾನೆ. ನಿನ್ನ ಕಿವಿಗೆ ಹೇಳೋರ್ಯಾರು? ಪೈಲಟ್‌ಗೆ ತೊಂದರೆ ಡ್ರೋನಿನದ್ದಲ್ಲ, ಯಾರದು ಅಂತ ಗೊತ್ತಿಲ್ಲದ ಡ್ರೋನಿನದ್ದು. ಒಂದು ಕಂಡ್ರೆ ಇನ್ನೆಷ್ಟಿವೆಯೋ ಅಂತ ಎಲ್ಲರೂ ವಾಪಸ್.

ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಅನ್ನೋ ಘಾಟಿನಲ್ಲಿ 2015ರ ಜುಲೈನಲ್ಲಿ ಹೀಗೇ ಆಯ್ತು. ಐದು ಡ್ರೋನ್ ಕಂಡವು ಅಂತ ನೀರು ಹಾಕೋ ವಿಮಾನಗಳು ಇಪ್ಪತ್ತು ನಿಮಿಷದಷ್ಟು ಹೊತ್ತು ದೂರ ಸರಿದವು. ಅವತ್ತೇ ಆ ಬೆಂಕಿ ಹೆದ್ದಾರಿಗೆ ನುಗ್ಗಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಇಪ್ಪತ್ತರಷ್ಟು ವಾಹನ ಸುಟ್ಟವು. ಡ್ರೋನ್ ಇಲ್ಲದಿದ್ರೆ ಸುಡ್ತಿರಲಿಲ್ಲ ಅಂತ ನಾನು ಹೇಳಲ್ಲ. ಕಾಕಾ ಹೇಳಿದ ಹಾಗೆ ಏರಿಗೆ ಓಡೋ ಬೆಂಕಿ ಅದು. ಇಳಿಜಾರು ಹತ್ತು ಡಿಗ್ರಿ ಕಡಿದಾದ್ರೆ ಅದರ ವೇಗ ಹೆಚ್ಚೂಕಮ್ಮಿ ಎರಡು ಪಟ್ಟಾಗುತ್ತೆ ಅಂತ ನಮಗೆ ಪಾಠ. ಅಂಥದಕ್ಕೆ ಇಪ್ಪತ್ತು ನಿಮಿಷ ಬಿಟ್ಟುಕೊಟ್ಟ ಹಾಗಾಯ್ತು.


ಹನ್ಸಾ ನಿವೃತ್ತ · ಸೋಮವಾರ ಸಂಜೆ 5:00

ತರಗೆಲೆ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೆ. ಡ್ರೋನ್ 400 ಅಡಿಗಿಂತ ಕೆಳಗೆ ಇದ್ದರೆ ಯಾರಿಗೂ ತೊಂದರೆ ಇಲ್ಲ ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಬೇರೆ ದಿನ ಸರಿ. ಬೆಂಕಿ ದಿನ ಹೆಲಿಕಾಪ್ಟರ್ ಕೆಲಸ ಮಾಡುವುದೇ ಆ 400 ಅಡಿ ಒಳಗೆ. ಅವ ಕೆಳಗಿಳಿದು ನಿನ್ನ ಮನೆಗೇ ಬಂದಿದ್ದಾನೆ.

ಹತ್ತಿರ ವಿಮಾನ ಬಂದರೆ ಸೂಚನೆ ಕೊಡುವ ಡ್ರೋನ್‌ಗಳೂ ಇವೆ ಅಂತ ಯಾರಾದರೂ ಹೇಳುವ ಮೊದಲೇ ಹೇಳ್ತೆ. ಅದು ವಿಮಾನ ತಾನು ಎಲ್ಲಿದ್ದೇನೆ ಅಂತ ಕೂಗಿ ಹೇಳಿದರೆ ಮಾತ್ರ ಕೇಳಿಸಿಕೊಳ್ತದೆ. ಮಿಲಿಟರಿಯವರು ಎಲ್ಲ ಸಲ ಕೂಗುವುದಿಲ್ಲ.


ಮೈಸೂರ್ ಪಾಕ್ ಪುಣೆ · ಸೋಮವಾರ ಸಂಜೆ 6:45

ಪುಣೆಯಿಂದ ಇಣುಕ್ತಿದೀನಿ, ಚಾಮರಾಜನಗರದವನು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ಗೋಪಾಲಸ್ವಾಮಿ ಬೆಟ್ಟದ ಕಡೆ ಎಂಐ-17 ಬಂದು ಬಾಂಬಿ ಬಕೆಟ್‌ನಲ್ಲಿ ನೀರು ಹಾಕಿತ್ತು. ನಮ್ಮಪ್ಪ ಈಗಲೂ ಅದನ್ನ "ಬಾಂಬ್ ಬಕೇಟು" ಅಂತಾನೇ ಕರೆಯೋದು. ಸಾವಿರಾರು ಎಕರೆ ಹೋಯ್ತು ಅವತ್ತು.

ಒಂದು ಪ್ರಶ್ನೆ: ಡ್ರೋನ್ ಕಂಪನಿಯವರೇ ಅಂಥ ಜಾಗದಲ್ಲಿ ಏಳದ ಹಾಗೆ ಲಾಕ್ ಮಾಡಬಹುದಲ್ವಾ?


ಫೋಂಡಾ ಫೋಟೋದವ · ಸೋಮವಾರ ಸಂಜೆ 7:20

ಅಂಥ ಬೇಲಿ ಇತ್ತು ಸರ್, ಏರ್‌ಪೋರ್ಟ್ ಥರದ ಕಾಯಂ ಜಾಗಕ್ಕೆ. ಡಿಜೆಐನವರು 2025ರ ಜನವರಿ 13ಕ್ಕೆ ಅಮೆರಿಕದಲ್ಲಿ ಅದನ್ನ ತೆಗೆದು ಬರೀ ಎಚ್ಚರಿಕೆ ತೋರಿಸೋ ಥರ ಮಾಡಿದ್ರು. ತಾರೀಕು ನೋಡಿ, ಆ ರೆಕ್ಕೆಗೆ ತೂತು ಬಿದ್ದು ನಾಲ್ಕೇ ದಿನ. ನಮ್ಮ ದೇಶದಲ್ಲಿ 2022ರ ಫೆಬ್ರವರಿಯಿಂದ ಹೊರಗಿನ ಡ್ರೋನ್ ಆಮದೇ ನಿಷೇಧ. ಆದರೂ ಮದುವೆ ಮನೆಗೆ ಬಂದು ನೋಡಿ, ಮೇಲೆ ಹಾರ್ತಿರೋದು ಎಲ್ಲಿಯದು ಅಂತ. ನನ್ನ ಹುಡುಗನದ್ದೂ ಬಿಲ್ ಇಲ್ಲದ್ದೇ.

ಹಾಗಾಗಿ ಲಾಕ್ ನಂಬಿ ಕೂರೋಕಾಗಲ್ಲ. ಸುಲಭ ಉಪಾಯ ಒಂದಿದೆ ಅನ್ಸುತ್ತೆ. ಚೋರ್ಲಾ ಘಾಟಿನ ಎರಡು ಮೂರು ತಿರುವಿನಲ್ಲೇ ಜನ ನಿಲ್ಲೋದು. ಬೆಂಕಿ ಸೀಸನ್‌ನಲ್ಲಿ ಅಲ್ಲೊಂದು ಬೋರ್ಡ್: "ಹೆಲಿಕಾಪ್ಟರ್ ಕೆಲಸ ನಡೆದಿದೆ, ಡ್ರೋನ್ ಎತ್ತಬೇಡಿ." ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲೂ. ಆ ರಸ್ತೆಯಲ್ಲಿ ಬೆಳಗಾವಿ ಗಾಡಿಗಳೇ ಜಾಸ್ತಿ. ಪಂಚಾಯ್ತಿಗೆ ಕೇಳೋಣ, ಪ್ರಿಂಟ್ ಖರ್ಚು ನಂದು.


ಪಡುಬಿದ್ರಿ ವಕೀಲೆ · ಸೋಮವಾರ ರಾತ್ರಿ 8:05

ಅರ್ಜಿ ನಾನು ಬರೆದುಕೊಡ್ತೇನೆ. ಪಂಚಾಯ್ತಿಗೆ ಒಂದು ಪ್ರತಿ, ಎಸ್‌ಪಿ ಆಫೀಸಿಗೆ ಒಂದು, 96 ಗಂಟೆಯ ಕಲಮು ಸಮೇತ. ಕೊಂಕಣಿಯಲ್ಲಿ ಬರೆಯುವವರು ಯಾರಾದ್ರೂ ಉಂಟಾ?


ಹನ್ಸಾ ನಿವೃತ್ತ · ಸೋಮವಾರ ರಾತ್ರಿ 8:20

ನನ್ನ ಮನೆಯವಳು ಬರೀತಾಳೆ. ತಪ್ಪಿದ್ದರೆ ಬೈಗುಳ ಅವಳಿಗೆ ಕಳಿಸಿ.


ಘಾಟ್ ರೈಡರ್ · ಸೋಮವಾರ ರಾತ್ರಿ 9:15

ನನ್ನ ಡ್ರೋನ್‌ನಲ್ಲಿ ವಾಪಸ್ ಬರೋ ಎತ್ತರ ಎಷ್ಟಿದೆ ಅಂತ ಈಗ ತೆಗೆದು ನೋಡ್ದೆ. 120. ನಾನು ಸೆಟ್ ಮಾಡಿದ್ದೂ ನೆನಪಿಲ್ಲ. ಫೋಂಡಾ ಅಣ್ಣಾ, ಹೆಲಿಕಾಪ್ಟರ್ ಸದ್ದು ಕೇಳಿದ್ರೆ ಏನ್ ಮಾಡ್ಬೇಕಿತ್ತು ಅವತ್ತು?


ಫೋಂಡಾ ಫೋಟೋದವ · ಸೋಮವಾರ ರಾತ್ರಿ 9:22

ವಾಪಸ್ ಬಟನ್ ಮುಟ್ಟಬಾರದಿತ್ತು. ಕಡ್ಡಿ ಕೆಳಗೆಳೆದು ಇದ್ದಲ್ಲೇ ಇಳಿಸಬೇಕಿತ್ತು. ಮರದಲ್ಲಿ ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಲಿ, ಬೆಂಕಿಗೆ ಬಿದ್ದರೆ ಬೀಳಲಿ. ಅದರ ಬೆಲೆ 70 ಸಾವಿರ ಅಂತ ಆ ಕ್ಷಣದಲ್ಲಿ ಲೆಕ್ಕ ಹಾಕಿದ್ದೆ ನೋಡು, ಅದಕ್ಕೇ ವಾಪಸ್ ಬೇಕಿತ್ತು ನನಗೆ.

ಅದಕ್ಕೂ ಮೊದಲು ಡಿಕ್ಕಿ ತೆಗೀಬಾರದಿತ್ತು ಬಿಡು.


ಸತ್ತರಿ ಗೇರು · ಮಂಗಳವಾರ ಬೆಳಿಗ್ಗೆ 6:40

ಬೋರ್ಡ್ ನಿಲ್ಲಸಾಕ ಬಿದಿರು ನಮ್ಮ ತ್ವಾಟದಾಗ ಅದಾವ್ರಿ, ಒಯ್ರಿ.

ಮತ್ತ ಠಾಣೆ ಊರ ಕಡಿ ಗುಡ್ಡದ ಮ್ಯಾಲ ಸಣ್ಣಗ ಹೊಗಿ ಕಾಣಾಕತ್ತೈತಿ. ಯಾರರೆ ನೋಡೀರೇನು?


ತರಗೆಲೆ · ಮಂಗಳವಾರ ಬೆಳಿಗ್ಗೆ 6:52

ಉಪಗ್ರಹದ ಮೆಸೇಜ್ ಇನ್ನೂ ಬಂದಿಲ್ಲ ಕಾಕಾ. ಬೀಟ್ ಗಾರ್ಡ್‌ಗೆ ಫೋನ್ ಮಾಡ್ತಿದೀನಿ, ನೀವು ಯಾವ ಬದಿಯಿಂದ ನೋಡ್ತಿದೀರಿ?


ಸತ್ತರಿ ಗೇರು · ಮಂಗಳವಾರ ಬೆಳಿಗ್ಗೆ 6:55

ಹೊಳಿ ಬದಿಯಿಂದ. ನಾ ಟೊಂಗಿ ಕಡಕೊಂಡು ಹೊಂಟೇನಿ. ಮಗಳ ಕಡೆ ಫೋನ್ ಇರತೈತಿ.